ಇಬ್ರಾದ ಮಗ್ಗ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಈ ಪ್ರತಿಮಾ ಎಲ್ಲವನ್ನೂ ಅತ್ತೆಯ ತಲೆಗೆ ಕಟ್ಟಿದಳು ಅಂತ ನಾಳೆ ಯಾರೂ ಆಡಿಕೊಳ್ಳಬಾರದು.

ಮಸ್ಕತ್ತಿನ ಪಕ್ಕದ ರುಸೈಲ್‌ನ ನಮ್ಮ ಫ್ಯಾಕ್ಟರಿಯ ಲ್ಯಾಬಿನಲ್ಲಿ ಫಾಯಿಝಾ ಮೇಡಂ ನನ್ನ ಮ್ಯಾನೇಜರ್. ಅವರ ಅಪ್ಪ ಒಮಾನಿ, ಅಮ್ಮ ಥಾಯ್ಲೆಂಡಿನ ನೇಕಾರರ ಹಳ್ಳಿಯವಳು. ಅಮ್ಮ ತೀರಿಕೊಂಡ ಮೇಲೆ ಎರಡು ಗಂಟೆ ದಾರಿಯ ಇಬ್ರಾ ಊರಿನ ಹಳೇ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಬೋರ್ಡಿಲ್ಲ, ಟಿಕೆಟ್ಟಿಲ್ಲ, ಕರೆದವರಷ್ಟೇ ಹೋಗಬೇಕು. 'ನಿಮ್ಮ ಅತ್ತೆ ನೇಯುತ್ತಿದ್ದರಂತಲ್ಲ, ಕರೆದುಕೊಂಡು ಬನ್ನಿ' ಎಂದರು. ಮ್ಯಾನೇಜರ್ ಕರೆದರೆ ಒಲ್ಲೆ ಎನ್ನಲಾಗುತ್ತದೆಯೇ?

ಅತ್ತೆ ಶಿವವ್ವ ವಿಸಿಟ್ ವೀಸಾದಲ್ಲಿ ಬಂದು ಎರಡು ತಿಂಗಳಾಗಿತ್ತು. ಗುಳೇದಗುಡ್ಡದಲ್ಲಿ ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಖಣ ನೇಯ್ದವರಿಗೆ ಮಸ್ಕತ್ತಿನ ಫ್ಲಾಟಿನಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಹೊರಟೆವು. ದಾರಿಯುದ್ದಕ್ಕೂ ಒಂದೇ ಸಮನೆ: ಎಸಿ ಥಂಡಿ ಆತು, ಕಾಲು ಸೆಳೀತಾವ, ಬರೇ ಗುಡ್ಡ ಐತಲ್ಲ ಈ ದೇಶದಾಗ. ಇಬ್ರಾ ಮುಟ್ಟುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಮ್ಯೂಸಿಯಂ ವಿಚಿತ್ರವಾಗಿತ್ತು. ಎಲ್ಲೂ ಗಾಜಿಲ್ಲ, ಚೀಟಿಯಿಲ್ಲ. ಅಂಟನ್ನ ಇಡುವ ಬಿದಿರಿನ ಬುಟ್ಟಿ, ಮೀನು ಹಿಡಿಯುವ ಕೂಳಿ, ಮೂರು ಮೂಲೆಯ ದಿಂಬು, ಬಿದಿರಿನ ಉದ್ದುದ್ದ ಕೊಳವೆಗಳನ್ನು ಸೇರಿಸಿ ಕಟ್ಟಿದ ಊದುವ ವಾದ್ಯ, ಕಲ್ಲಿನ ಒರಳು. 'ಮುಟ್ಟಿ, ಎತ್ತಿ, ಮೂಸಿ ನೋಡಿ' ಎಂದರು ಮೇಡಂ. ನಾನು ಅತ್ತೆಗೆ ಹೇಳಿದೆ: "ಎಲ್ಲಾ ಮುಟ್ಟಬಹುದಂತ್ರಿ." ಅತ್ತೆ ಒರಳಿನೊಳಗೂ ಕೈಯಾಡಿಸಿದರು.

ಕೊನೆಯ ಕೋಣೆಯಲ್ಲಿ ಮಗ್ಗ. ಮೇಡಂ ಇಂಗ್ಲಿಷಿನಲ್ಲಿ ತುಂಬ ಹೊತ್ತು ಹೇಳಿದರು. ಅಮ್ಮ ಒಂದು ದಿನವೂ ಹಾಸಿಗೆ ಹಿಡಿದವಳಲ್ಲ. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಇಲ್ಲಿ ಕೂತು ನೇಯುತ್ತಿದ್ದವಳು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಅವಳು ಹಾಕಿದ ಕೊನೆಯ ಎಳೆ ಹಾಗೆಯೇ ಇದೆ, ಲಾಳಿಯೂ ಅವಳು ಇಟ್ಟಲ್ಲೇ ಇದೆ. ಇದೊಂದನ್ನು ಮಾತ್ರ ಯಾರೂ ಮುಟ್ಟಬಾರದು.

"ಏನಂದ್ಲು?" ಎಂದರು ಅತ್ತೆ.

"ಅವರ ಅವ್ವನ ಮಗ್ಗ ಅಂತ್ರಿ." ಅಷ್ಟೇ ಹೇಳಿದೆ. ಅಷ್ಟರಲ್ಲಿ ನನ್ನ ಗಂಡ ಆಕಾಶನ ಫೋನ್ ಬಂತು. ಮೇಡಂ ಕಾಫಿ ತರಲು ಒಳಗೆ ಹೋದರು, ನಾನು ಅಂಗಳಕ್ಕೆ ಹೋದೆ. ಕುಕ್ಕರಿನ ರಬ್ಬರ್ ಎಲ್ಲಿದೆ ಎಂದು ಆ ಮಹಾರಾಯ ಹತ್ತು ನಿಮಿಷ ಕೇಳಿದ.

ಫೋನ್ ಇಡುವಾಗ ಒಳಗಿನಿಂದ ಸದ್ದು ಕೇಳಿಸಿತು. ಕಟ್, ಕಟ್. ಕಟ್, ಕಟ್. ಒಳಗೆ ಓಡಿದೆ. ಅತ್ತೆ ಮಗ್ಗದ ಮುಂದೆ ಕೂತು ಆರಾಮಾಗಿ ಲಾಳಿ ಎಸೆಯುತ್ತಿದ್ದರು.

"ಅತ್ತೀ! ಏನ್ ಮಾಡಾಕತ್ತೀರಿ? ಏಳ್ರಿ ಮೊದಲ!"

"ಯಾಕ? ಆಕಿ ಅವ್ವ ಒಲಿ ಕಡೆ ಎದ್ದು ಹೋಗ್ಯಾಳ ಅಂತ ಕುಂತೀನಿ. ಲಾಳಿ ನಡಕ ಬಿಟ್ಟಾಳಲ್ಲ. ನಮ್ಮ ಓಣ್ಯಾಗ ಯಾರರೆ ಹಾಲು ಉಕ್ಕತೈತಿ ಅಂತ ಎದ್ರ, ಬಾಜೂ ಮನಿಯಾಕಿ ಕುಂತು ಒಂದೆರಡು ಬಟ್ಟಿನಗಲ ನೇದು ಕೊಡ್ತಾಳ."

"ಆಕಿ ಸತ್ತು ಏಳು ವರ್ಷ ಆತ್ರಿ!"

ಕಾದ ಹಂಚು ಮುಟ್ಟಿದವರಂತೆ ಅತ್ತೆ ಕೈ ಎಳೆದುಕೊಂಡರು. "ಯವ್ವಾ! ಮೊದಲ ಹೇಳಬಾರದೇನ, ಹುಚ್ಚೀ?"

ಬಾಗಿಲಲ್ಲಿ ಮೇಡಂ ನಿಂತಿದ್ದರು, ಕೈಯಲ್ಲಿ ಕಾಫಿ ತಟ್ಟೆ. ಕೂಗಿದ್ದರೆ ಚೆನ್ನಾಗಿತ್ತು, ಕೂಗಲಿಲ್ಲ. ತಟ್ಟೆಯನ್ನು ನೆಲಕ್ಕಿಟ್ಟು ಕೇಳಿದರು: "ನೀವು ಇವರಿಗೆ ಹೇಳಲಿಲ್ಲವೇ?"

ಫ್ಯಾಕ್ಟರಿಯಲ್ಲಿ ರಿಪೋರ್ಟು ತಪ್ಪಾದರೆ ನನ್ನ ಹತ್ತಿರ ಸದಾ ಒಂದು ನೆವ ತಯಾರಿರುತ್ತದೆ. ಅವತ್ತು ಒಂದೂ ಬರಲಿಲ್ಲ. "ಇಲ್ಲ" ಎಂದೆ. ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು.

"ಅಮ್ಮನ ಕೊನೆಯ ಎಳೆ ಎಲ್ಲಿದೆ ಈಗ?" ಎಂದರು ಮೇಡಂ. "ನನ್ನ ಹತ್ತಿರ ಉಳಿದದ್ದು ಅದೊಂದೇ. ಎಲ್ಲಿದೆ ಅದು?"

ಅತ್ತೆಗೆ ಹೇಳಿದೆ. ಅವರು ಮೇಡಂ ಮುಖವನ್ನೇ ನೋಡಿ ಅಂದರು: "ಬಿಚ್ಚತೀನಿ. ನಂದು ಎಷ್ಟೈತಿ ಅಷ್ಟ ಬಿಚ್ಚತೀನಿ ಅಂತ ಹೇಳ."

"ಅಮ್ಮನದು ಒಂದು ಎಳೆ ಬಂದುಬಿಟ್ಟರೆ?"

"ಬರಂಗಿಲ್ಲ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಅದೇ ಲಾಳಿ, ಅದೇ ಕೆಂಪು ರೇಷ್ಮೆ. ಅತ್ತೆಯ ಬಟ್ಟೆ ಯಾವುದು, ಆ ತಾಯಿಯದು ಯಾವುದು, ನನ್ನ ಕಣ್ಣಿಗೆ ಒಂದೇ. ಮೇಡಂ ಫ್ಯಾನ್ ಆರಿಸಿದರು. ಅತ್ತೆ ಕಾಲಡಿಯ ತುಳಿಗೆಯನ್ನು ತುಳಿದು ಹಾಸಿನ ಉದ್ದೆಳೆಗಳನ್ನು ಬಿಡಿಸುವುದು, ಒಂದೆಳೆ ಹಿಂದಕ್ಕೆಳೆಯುವುದು, ಮತ್ತೆ ತುಳಿಯುವುದು. ಹತ್ತು. ಇಪ್ಪತ್ತು. ಮೇಡಂ ಅವರ ಹೆಗಲ ಮೇಲೆಯೇ ಬಗ್ಗಿ ನಿಂತಿದ್ದರು. ಟಪ್ಪೆಂದು ಒಣಗಿದ ಹಾಸಿನೆಳೆಯೊಂದು ಹರಿಯಿತು. ಮೇಡಂ ಕಣ್ಣು ಮುಚ್ಚಿಕೊಂಡರು. ಅತ್ತೆ ಬೆರಳು ನಾಲಿಗೆಗೆ ತಾಗಿಸಿ, ಎರಡು ತುದಿ ಹೊಸೆದು ಗಂಟು ಹಾಕಿ, ಏನೂ ಆಗದವರಂತೆ ಮುಂದುವರಿದರು. 

ಮೂವತ್ತೆಂಟನೆಯ ಎಳೆಗೆ ನಿಲ್ಲಿಸಿದರು. "ಇಲ್ಲಿಗೆ ನಂದು ಮುಗೀತು."

"ಇವರಿಗೆ ಹೇಗೆ ಗೊತ್ತು?" ಎಂದರು ಮೇಡಂ. "ಕೇಳಿ."

"ನಂದು ಬಿರುಸು ಕೈ. ಎಳಿ ಕೂಡೋ ಹಂಗ ಹಣಿಗಿ ಎರಡು ಸಲ ಬಡೀತೀನಿ," ಎಂದರು ಅತ್ತೆ. "ಈ ಅವ್ವಂದು ಸಡಿಲ ಕೈ. ಮುಟ್ಟಿದ್ರ ತಿಳೀತೈತಿ."

ಅದನ್ನು ಹೇಳಿದಾಗ ಮೇಡಂ ಮೊದಲ ಸಲ ಸ್ವಲ್ಪ ನಕ್ಕರು. "ಇಲ್ಲ ಇಲ್ಲ. ಅಮ್ಮನ ಕೈ ಬಹಳ ಗಟ್ಟಿ. ಅವಳ ಬಟ್ಟೆಯಲ್ಲಿ ನೀರು ಹಿಡಿಯಬಹುದು ಎನ್ನುತ್ತಿದ್ದರು ಅವಳ ಊರಿನಲ್ಲಿ."

ಅದನ್ನೂ ಅತ್ತೆಗೆ ಹೇಳಿದೆ. ಅವರು ಮಗ್ಗದ ದಿಂಡಿಗೆ ಸುತ್ತಿದ್ದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿ, ಕೆಳಗಿನಿಂದ ಬೆರಳಾಡಿಸುತ್ತ ಬಂದರು. "ಹೌದು. ಇಲ್ಲಿ ಬಿರುಸ ಐತಿ, ನನಗಿಂತ ಬಿರುಸ." ಬೆರಳು ಒಂದು ಕಡೆ ನಿಂತಿತು. "ಇಲ್ಲಿಂದ ಸಡಿಲ. ಎಡಗಡೆ ಅಂಚು ನೋಡ, ಹೆಂಗ ಒಳಗ ಹೋಗೈತಿ. ಎಡಗೈಯಾಗ ತ್ರಾಣ ಇದ್ದಿಲ್ಲ. ಈ ಅವ್ವ ಭಾಳ ದಿನದಿಂದ ಜಡ್ಡಿನ್ಯಾಗ ಇದ್ಲು, ಪ್ರತಿಮಾ. ಯಾರಿಗೂ ಹೇಳಿಲ್ಲ."

ಇದನ್ನು ಮೇಡಂಗೆ ಹೇಗೆ ಹೇಳುವುದು? ರೇಷ್ಮೆ ಹಳೆಯದಾಗಿ ಸಡಿಲವಾಗಿದೆಯಂತೆ ಎಂದುಬಿಟ್ಟರೆ ಮುಗಿಯಿತು. ಆ ಇಂಗ್ಲಿಷ್ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಯಾರಿಗೇನು ನಷ್ಟ? ಏಳು ವರ್ಷದಿಂದ ನೆಮ್ಮದಿಯಾಗಿದ್ದ ಮಗಳು ಹಾಗೆಯೇ ಇರಲಿ. ಮೇಡಂ ನನ್ನ ಬಾಯನ್ನೇ ನೋಡುತ್ತಿದ್ದರು.

"ಮಾತು ನುಂಗಬ್ಯಾಡ," ಎಂದರು ಅತ್ತೆ. "ಆಗ ನುಂಗಿದ್ದ ಸಾಕು. ಆಕಿ ಅವ್ವಂದು ಅದು, ಆಕಿಗೆ ಹೇಳ."

ಹೇಳಿದೆ. ಒಂದಕ್ಷರವೂ ಬಿಡದೆ ಹೇಳಿದೆ.

ಮೇಡಂ ಬಗ್ಗಿ ಆ ಎಡ ಅಂಚನ್ನು ನೋಡಿದರು. ಆಮೇಲೆ ಕೇಳಿದರು: "ಎಷ್ಟು ದಿನ?"

ಅತ್ತೆ ಸಡಿಲ ಬಟ್ಟೆಯನ್ನು ಮೊಳ ಹಾಕಿ ಅಳೆದರು. "ಎರಡು ಮೊಳ. ಇಂಥಾ ಕೈಲೆ ದಿನಕ್ಕ ಎರಡು ಬಟ್ಟಿನ ಮ್ಯಾಲ ಆಗಂಗಿಲ್ಲ. ಒಂದು ತಿಂಗಳಿಗೆ ಸಮೀಪ."

"ಆ ತಿಂಗಳು ನಮ್ಮಲ್ಲಿ ಆಡಿಟ್ ಇತ್ತು," ಎಂದರು ಮೇಡಂ. ನಮ್ಮಿಬ್ಬರಿಗೂ ಹೇಳುತ್ತಿದ್ದಂತಿರಲಿಲ್ಲ. "ದಿನಾ ಫೋನ್ ಮಾಡುತ್ತಿದ್ದೆ. ಈ ಶುಕ್ರವಾರದ ರಜೆಗೆ ಬರುತ್ತೀಯಾ ಎಂದು ಅಮ್ಮ ಕೇಳುತ್ತಿದ್ದಳು. ಮುಂದಿನ ವಾರ ಎನ್ನುತ್ತಿದ್ದೆ. ಹೇಗಿದ್ದೀ ಎಂದರೆ, ನನಗೇನಾಗಿದೆ, ಮಗ್ಗದ ಮುಂದೆ ಕೂತಿದ್ದೇನೆ ಎನ್ನುತ್ತಿದ್ದಳು."

ಅತ್ತೆ ಜಾಗ ಬಿಟ್ಟು ಎದ್ದರು. ಮೇಡಂ ಕೂತು, ಸಡಿಲು ಶುರುವಾದ ಕಡೆ ಬೆರಳಿಟ್ಟರು.

"ಇಲ್ಲಿ ಬಂದಿದ್ದರೂ ಆಗುತ್ತಿತ್ತು," ಎಂದರು. ಬೆರಳನ್ನು ನಾಲ್ಕು ಬಟ್ಟು ಮೇಲೆ ಸರಿಸಿದರು. "ಇಲ್ಲಿ ಬಂದಿದ್ದರೂ ಆಗುತ್ತಿತ್ತು." ಮತ್ತೆ ಸರಿಸಿದರು. "ಇಲ್ಲಿಯಾದರೂ."

ಹಾಗೆ ಸರಿಸುತ್ತ ಸರಿಸುತ್ತ ಬೆರಳು ಕೊನೆಯ ಎಳೆಗೆ ಬಂತು. ಅದರಾಚೆ ಬೆರಳು ಸರಿಸಲು ಬಟ್ಟೆಯಿರಲಿಲ್ಲ.