ನಮ್ಮ ಮನೆಯ ಕೆಲಸ ಮಾಡದ ನರ್ಸ್

ಕೂತು ತಿನ್ನುವವರನ್ನು ಕಂಡರೆ ನನ್ನ ಹೆಂಡತಿ ಲುಡಿವಿನಾಳಿಗೆ ಮೈ ಉರಿಯುತ್ತದೆ. ಈ ವಿಷಯ ನನಗೆ ಮದುವೆಯಾದ ಮಾರನೆಯ ದಿನದಿಂದಲೇ ಗೊತ್ತು, ಯಾಕೆಂದರೆ ಮೊದಲು ಉರಿಸಿದವನು ನಾನೇ. ಅಮೆರಿಕದ ವಲೇಹೊ ಊರಿನಲ್ಲಿ ನಮ್ಮದು ವಯಸ್ಸಾದ ಆರು ಜನರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ. ನಮ್ಮ ಬೀದಿಯಲ್ಲಿ ಇಂಥ ಮನೆಗಳು ಇನ್ನೂ ಇವೆ, ಎಲ್ಲವೂ ನಮ್ಮ ಫಿಲಿಪೀನ್ಸ್‌ನವರದೇ. ಸರ್ಕಾರದ ಪರವಾನಗಿ ಲುಡಿಯ ಹೆಸರಿನಲ್ಲಿದೆ. ನಾನು ಗ್ರೆಗೋರಿಯೊ. ಅಡುಗೆಯವನು, ಡ್ರೈವರು, ಬಲ್ಬು ಬದಲಾಯಿಸುವವನು, ಬೈಸಿಕೊಳ್ಳುವವನು.

ಇಂಥ ಮನೆಗೆ ಬಂದು ಸೇರಿಕೊಂಡಳು ರೋಡಲಿನ್, ಲುಡಿಯ ಅಕ್ಕನ ಮಗಳು. ನರ್ಸಿಂಗ್ ಓದಲು ವಿದ್ಯಾರ್ಥಿ ವೀಸಾದ ಮೇಲೆ ಫಿಲಿಪೀನ್ಸ್‌ನ ಇಲೋಯಿಲೊದಿಂದ ಬಂದವಳು. ಬಂದ ಹೊಸದರಲ್ಲೇ ಕಾಲೇಜಿನಲ್ಲಿ ಹೊರದೇಶದ ಮಕ್ಕಳ ಉಸ್ತುವಾರಿ ನೋಡುವ ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಚೆನ್ನಾಗಿ ಹೆದರಿಸಿದ್ದರು. ಅನುಮತಿಯಿಲ್ಲದೆ ಕಾಲೇಜಿನ ಹೊರಗೆ ಕೆಲಸ ಮಾಡಕೂಡದು. ಸಂಬಳ ತೆಗೆದುಕೊಳ್ಳಲಿಲ್ಲ ಅಂದರೂ ನಡೆಯದು; ಬೇರೆಯವರು ಸಂಬಳಕ್ಕೆ ಮಾಡುವಂಥದ್ದಾದರೆ ಅದು ಕೆಲಸವೇ. ಸಂಬಳದ ಬದಲು ಊಟ, ಕೋಣೆ ಕೊಟ್ಟರೆ ಅದೂ ಸಂಬಳವೇ. ಸಿಕ್ಕಿಬಿದ್ದರೆ ವೀಸಾ ಹೋಯಿತು, ಓದು ಹೋಯಿತು, ಗಂಟುಮೂಟೆ ಕಟ್ಟಿ ವಿಮಾನ ಹತ್ತಬೇಕು.

ಬೇರೆ ಹುಡುಗಿಯರು ಇದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು. ರೋಡಲಿನ್ ಎರಡೂ ಕಿವಿಯಲ್ಲಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು. ಮನೆಗೆ ಬಂದು ಸುತ್ತ ಕಣ್ಣಾಡಿಸಿದಳು. ಹಾಸಿಗೆ ಸರಿಮಾಡುವುದು, ಪಾತ್ರೆ ತೊಳೆಯುವುದು, ಕುಡಿಯಲು ನೀರು ಕೊಡುವುದು, ಅಜ್ಜನ ಕನ್ನಡಕ ಹುಡುಕಿಕೊಡುವುದು, ಎಲ್ಲವೂ ನಮ್ಮ ಆಯಾಗಳು ಸಂಬಳಕ್ಕೆ ಮಾಡುವ ಕೆಲಸ. ಉಸಿರಾಡುವುದೊಂದು ಬಿಟ್ಟರೆ ನಮ್ಮ ಮನೆಯಲ್ಲಿ ಅವಳು ಏನು ಮಾಡಿದರೂ ಅದು ಕಾನೂನಿಗೆ ವಿರುದ್ಧ ಎಂದಾಯಿತು.

"ಆ ಪಾತ್ರೆ ಸ್ವಲ್ಪ ತೊಳಿಯೇ," ಅನ್ನುತ್ತಿದ್ದಳು ಲುಡಿ.

"ನನ್ನ ತಟ್ಟೆ ತೊಳ್ದಿಟ್ಟಿದೀನಿ ಚಿಕ್ಕಮ್ಮ. ಮಿಕ್ಕಿದ್ದಕ್ಕೆ ನಂಗೆ ಅನುಮತಿ ಇಲ್ಲ."

"ಅಕ್ಕ ಮಗಳನ್ನ ಸಾಕಿಲ್ಲ, ಮಹಾರಾಣೀನ ಸಾಕಿದಾಳೆ. ನನ್ ಕೈಲಿ ಬೆಳೆದಿದ್ರೆ ಆ ವೀಸಾನೂ ಸೇರಿಸಿ ತೊಳಿಸ್ತಿದ್ದೆ."

ಮಹಾರಾಣಿ ಅನ್ನುವ ಹೆಸರು ಮನೆಯಲ್ಲಿ ನಿಂತೇಹೋಯಿತು. ಹುಡುಗಿಗೆ ನೋವಾಗುತ್ತಿರಲಿಲ್ಲ ಅಂತಲ್ಲ. ಊರಲ್ಲಿ ಅವಳು ಏಳು ಜನರ ಮನೆಯನ್ನು ಒಬ್ಬಳೇ ತೂಗಿಸಿದವಳು. ಇಲ್ಲಿ ಚಿಕ್ಕಮ್ಮ ಬೆನ್ನು ಹಿಡಿದುಕೊಂಡು ಬಟ್ಟೆಯ ಬುಟ್ಟಿ ಹೊರುವಾಗ ಗೋಡೆಗೆ ಒರಗಿ ನಿಂತು, ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು. ಕೈ ತಾನಾಗಿಯೇ ಮುಂದೆ ಹೋಗಿಬಿಟ್ಟರೆ ಅಂತ ಭಯ. ನಾನು ನೋಡಿಯೂ ನೋಡದವನಂತೆ ಈರುಳ್ಳಿ ಹೆಚ್ಚುತ್ತಿದ್ದೆ.

ಹೀಗೇ ಓದು ಮುಗಿಯಿತು. ನರ್ಸುಗಳ ಸರ್ಕಾರಿ ಪರೀಕ್ಷೆಯನ್ನೂ ಪಾಸು ಮಾಡಿದಳು. ಸ್ಯಾಕ್ರಮೆಂಟೊದ ಒಂದು ಆಸ್ಪತ್ರೆ ಅವಳನ್ನು ತೆಗೆದುಕೊಳ್ಳಲು ಒಪ್ಪಿತು. ಆಗಸ್ಟ್‌ನಲ್ಲಿ ಸೇರಬೇಕು. ಆದರೆ ಓದು ಮುಗಿಸಿದವರಿಗೆ ವಲಸೆ ಇಲಾಖೆ ಕೊಡುವ ಕೆಲಸದ ಕಾರ್ಡು ಇನ್ನೂ ಬಂದಿರಲಿಲ್ಲ. ಅರ್ಜಿ ಅಲ್ಲೆಲ್ಲೋ ಯಾರದೋ ಮೇಜಿನ ಮೇಲಿತ್ತು. ಕಾರ್ಡು ಕೈಗೆ ಬರದೆ ಆಸ್ಪತ್ರೆಯ ಹೊಸಿಲು ದಾಟುವಂತಿಲ್ಲ. ಈ ನಡುವೆ ಎಲ್ಲಾದರೂ ಕದ್ದು ದುಡಿದಳು ಎಂದು ಒಂದು ಸಾಲು ಬರಹದಲ್ಲಿ ಸಿಕ್ಕರೂ ಮುಗಿಯಿತು, ಇಷ್ಟು ವರ್ಷದ ಓದು ನೀರುಪಾಲು. ಹುಡುಗಿ ಅಂಚೆಪೆಟ್ಟಿಗೆಗೆ ಎಡತಾಕುತ್ತ ಸೊರಗಿಹೋದಳು.

ಇಂಥ ಹೊತ್ತಿನಲ್ಲಿ ನನ್ನ ಹೆಂಡತಿ ಫ್ಲೆಕ್ಸ್ ಹಾಕಿಸಿದಳು.

ನಮ್ಮ ಕಡೆ ಮನೆಯ ಹುಡುಗ ಈಜಿನಲ್ಲಿ ಮೂರನೆಯವನಾಗಿ ಬಂದರೂ ಬೀದಿಗೊಂದು ಫ್ಲೆಕ್ಸ್ ಏಳುತ್ತದೆ. ಅಕ್ಕನ ಮಗಳು ಅಮೆರಿಕದಲ್ಲಿ ನರ್ಸ್ ಪರೀಕ್ಷೆ ಪಾಸು ಮಾಡಿ, ಮನೆಯ ಮುಂದೆ ಏನೂ ಇಲ್ಲದಿದ್ದರೆ ಭಾನುವಾರ ಚರ್ಚಿನಲ್ಲಿ ಲುಡಿ ಮುಖ ತೋರಿಸುವುದು ಹೇಗೆ? ಫ್ಲೆಕ್ಸಿನಡಿ ಗ್ಯಾರೇಜಿನ ಬಾಗಿಲು ಪೂರ್ತಿ ಮುಚ್ಚಿಹೋಯಿತು. "ನಮ್ಮ ಹೆಮ್ಮೆಯ ನರ್ಸ್ ರೋಡಲಿನ್‌ಗೆ ಅಭಿನಂದನೆಗಳು. ಶುಭ ಕೋರುವವರು: ಲುಡಿವಿನಾ ಮತ್ತು ಲುಡಿವಿನಾ ಆರೈಕೆ ಮನೆ." ಎಡಗಡೆ ಬಿಳಿ ಸಮವಸ್ತ್ರದಲ್ಲಿ ರೋಡಲಿನ್, ಅಂಗೈಯಷ್ಟು. ಬಲಗಡೆ ಮಿರಿಮಿರಿ ಮಿಂಚುವ ನೀಲಿ ಉಡುಪಿನಲ್ಲಿ ಲುಡಿ, ಆಳೆತ್ತರ. ನನ್ನ ಫೋಟೊ ಇರಲಿಲ್ಲ. ಕೇಳಿದ್ದಕ್ಕೆ ಜಾಗ ಸಾಲಲಿಲ್ಲ ಅಂದಳು.

ರೋಡಲಿನ್ ಅದನ್ನು ನೋಡಿ ಬಿಳಿಚಿಕೊಂಡಳು. "ಚಿಕ್ಕಮ್ಮ, ಕೆಳಗಡೆ ನಮ್ಮ ಮನೆ ಹೆಸರು ಹಾಕ್ಸಿದೀರಿ. ನೋಡಿದೋರು ನಾನು ಇಲ್ಲೇ ನರ್ಸಾಗಿದೀನಿ ಅನ್ಕೊಳಲ್ವಾ?"

"ಅನ್ಕೊಳ್ಳಲಿ ಬಿಡೇ. ಈ ಮನೇಲಿ ನೀನು ಅಷ್ಟಾದ್ರೂ ಮಾಡ್ದಂಗೆ ಆಗತ್ತೆ."

ಅಂದುಕೊಂಡವರು ಬಂದೇಬಿಟ್ಟರು. ನಮ್ಮಂಥ ಮನೆಗಳನ್ನು ತಪಾಸಣೆ ಮಾಡಲು ಸರ್ಕಾರದ ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬರುತ್ತಾರೆ. ಈ ಸಲ ಬಂದವರು ಮಿಸೆಸ್ ಡ್ರಿಸ್ಕಲ್ ಅನ್ನುವ ಹೊಸಬರು. ಮಧ್ಯಾಹ್ನದ ಊಟ ನಡೆಯುತ್ತಿತ್ತು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದೆ. ಆಕೆ ಗ್ಯಾರೇಜಿನ ಮುಂದೆ ನಿಂತು ಫ್ಲೆಕ್ಸನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಮತ್ತೆ ಮೇಲಿನಿಂದ ಓದಿದರು.

"ಬನ್ನಿ, ಬನ್ನಿ, ಊಟ ಆಯ್ತಾ?" ಅಂದಳು ಲುಡಿ. ನಮ್ಮವರು ಮನೆಗೆ ಬೆಂಕಿ ಬಿದ್ದು ಅಗ್ನಿಶಾಮಕದವರು ಬಂದರೂ ಮೊದಲು ಇದನ್ನೇ ಕೇಳುವುದು.

"ಊಟ ಆಮೇಲೆ. ನಿಮ್ಮ ಸಿಬ್ಬಂದಿ ಪಟ್ಟೀಲಿ ನರ್ಸ್ ಯಾರೂ ಇಲ್ವಲ್ಲ. ಹೊರಗೆ ನಮ್ಮ ನರ್ಸ್ ಅಂತ ಇಷ್ಟುದ್ದ ಹಾಕಿದೀರಿ."

"ಅಯ್ಯೋ, ಅದು ನಮ್ಮ ಪದ್ಧತಿ ಮೇಡಂ. ಅವಳು ನಮ್ಮಕ್ಕನ ಮಗಳು. ವಿದ್ಯಾರ್ಥಿ ವೀಸಾದಲ್ಲಿ ಇದಾಳೆ, ಕೆಲಸದ ಕಾರ್ಡಿಗೆ ಕಾಯ್ತಿದಾಳೆ."

"ಕಾರ್ಡ್ ಇಲ್ಲದೇನೇ ಇಲ್ಲಿ ಕೆಲಸ ಮಾಡ್ತಿದಾರೆ ಅಂದಂಗಾಯ್ತು."

ಲುಡಿಗೆ ಆಗ ಹೊಳೆಯಿತು ತಾನೇ ತೋಡಿದ ಹಳ್ಳ. ಮಿಸೆಸ್ ಡ್ರಿಸ್ಕಲ್ ಕೆಟ್ಟವರೇನೂ ಅಲ್ಲ. "ನಾನು ವಲಸೆ ಇಲಾಖೆಯವಳಲ್ಲಮ್ಮ," ಅಂದರು. "ಆದ್ರೆ ಕಣ್ಣಾರೆ ಕಂಡಿದ್ದನ್ನ ವರದೀಲಿ ಬರೀಲೇಬೇಕು. ಆ ವರದೀನ ಯಾರು ಬೇಕಾದ್ರೂ ಓದಬಹುದು. ನಿಜ ಹೇಳಿ, ಆ ಹುಡುಗಿ ಇಲ್ಲಿ ಏನ್ ಕೆಲಸ ಮಾಡ್ತಾಳೆ?"

ಚರ್ಚಿನ ಮೆಟ್ಟಿಲ ಮೇಲೆ ನಿಂತು, ಮನೆ ಪೂರ್ತಿ ನಡೆಸೋದೇ ನಮ್ಮ ರೋಡಲಿನ್ ಅಂತ ಮೊನ್ನೆ ಮೊನ್ನೆ ಕೊಚ್ಚಿಕೊಂಡ ಬಾಯಿ ಅದು. ಲುಡಿ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಕಟ್ಟೆಯೊಡೆಯಿತು.

"ಏನ್ ಕೆಲಸ ಮೇಡಂ? ಒಂದು ಹುಲ್ಲುಕಡ್ಡಿ ಎತ್ತಿ ಆ ಕಡೆ ಇಟ್ಟೋಳಲ್ಲ. ನಾನು ನಡ ಮುರ್ಕೊಂಡು ಬಟ್ಟೆ ಹೊರ್ತಿದ್ರೆ ಗೋಡೆಗೊರಗಿ ಸಿನಿಮಾ ನೋಡ್ದಂಗೆ ನೋಡ್ತಾಳೆ. ಒಂದು ಲೋಟ, ಒಂದು ಚಮಚ ಮುಟ್ಟಿದ್ರೆ ಕೇಳಿ. ಇಂಥ ಸೋಮಾರಿ ನಮ್ಮ ವಂಶದಲ್ಲೇ ಹುಟ್ಟಿಲ್ಲ. ಬೇಕಾದ್ರೆ ಇವರನ್ನ ಕೇಳಿ." ಇವರು ಅಂದರೆ ನಾನು. ನಾನು ಹೌದೆಂದು ತಲೆಯಾಡಿಸಿದೆ. ವರ್ಷಗಟ್ಟಲೆ ಎದೆಯಲ್ಲಿ ಕುದಿಸಿಟ್ಟಿದ್ದ ಮಾತು ಅದು, ಅದರಲ್ಲಿ ನಟನೆ ಎಳ್ಳಷ್ಟೂ ಇರಲಿಲ್ಲ.

"ನೆಂಟರು ಹಾಗೆ ಹೇಳೋದು ಸಹಜ," ಅಂದರು ಮಿಸೆಸ್ ಡ್ರಿಸ್ಕಲ್. "ಇಲ್ಲಿ ಇರೋರನ್ನ ಕೇಳ್ತೀನಿ."

ಊಟದ ಮೇಜಿನಲ್ಲಿ ಮಿಸ್ಟರ್ ಸ್ಟೆಂಗಲ್ ಕೂತಿದ್ದರು. ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು, ಯಾರನ್ನೂ ಹೊಗಳಿದ ಚರಿತ್ರೆಯಿಲ್ಲ. ಹುಡುಗಿಯ ಮಾತು ಎತ್ತಿದ್ದೇ ತಡ, ಫೋರ್ಕನ್ನು ತಟ್ಟೆಯ ಮೇಲೆ ಇಟ್ಟುಬಿಟ್ಟರು.

"ಅವಳಾ? ಅವಳ ಸುದ್ದಿ ಎತ್ಬೇಡಿ. ಒಂದಿನ ಕೆಮ್ಮು ಬಂದು, ಒಂದು ಲೋಟ ನೀರು ಕೊಡಮ್ಮ ಅಂದೆ. ಕ್ಷಮಿಸಿ ಸರ್, ನನ್ನ ವೀಸಾ ಒಪ್ಪಲ್ಲ ಅಂದ್ಳು. ಆಮೇಲೆ ಆಯಾನ ಕರ್ಕೊಂಬರೋಕೆ ಓಡ್ದಳು. ನಲ್ಲಿ ಎರಡು ಹೆಜ್ಜೇಲಿತ್ತು. ಆಯಾ ಹಿತ್ತಲಲ್ಲಿದ್ಲು."

"ಕನ್ನಡಕ ಹುಡುಕಿ ಕೊಡಲ್ಲ," ಅಂದರು ಪಕ್ಕದಲ್ಲಿದ್ದ ಅಜ್ಜಿ. "ಎಲ್ಲಿದೆ ಅಂತ ಕಣ್ಣಲ್ಲೇ ತೋರಿಸ್ತಾಳೆ."

ಮೇಜಿನ ಸುತ್ತ ಇದ್ದವರೆಲ್ಲ ನಾ ಮುಂದು ತಾ ಮುಂದು ಅಂತ ದೂರು ಹೇಳತೊಡಗಿದರು. ಲುಡಿಯ ಮುಖದಲ್ಲಿ ಕಳೆ ಬಂತು. ಮನೆಯ ಮರ್ಯಾದೆ ಇಷ್ಟು ಚೆನ್ನಾಗಿ ಹೋಗುತ್ತಿದ್ದುದನ್ನು ನಾನು ಎಂದೂ ಕಂಡಿರಲಿಲ್ಲ. ಮಿಸೆಸ್ ಡ್ರಿಸ್ಕಲ್ ಕೂಡ ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದರು. "ಸರಿ, ಅವರನ್ನೇ ಒಂದು ಮಾತು ಕೇಳಿಬಿಡ್ತೀನಿ. ಎಲ್ಲಿದಾರೆ?"

ಅವಳು ಎಲ್ಲಿದ್ದಾಳೆಂದು ನನಗೆ ಗೊತ್ತಿತ್ತು, ಲುಡಿಗೂ ಗೊತ್ತಿತ್ತು. ಅವಳು ಹಿಂದಿನ ಕೋಣೆಯಲ್ಲಿ ಲೋಲಾ ಪಾಸಿಂಗ್‌ಗೆ ಗಂಜಿ ತಿನ್ನಿಸುತ್ತಿದ್ದಳು.

ನಮ್ಮಲ್ಲಿ ಅಜ್ಜಿಯರನ್ನೆಲ್ಲ ಲೋಲಾ ಅನ್ನುತ್ತೇವೆ. ಈ ಲೋಲಾಗೆ ನೆನಪು ಅಳಿಸಿಹೋಗಿ ಬಹಳ ಕಾಲವಾಯಿತು. ಇಂಗ್ಲಿಷ್ ಹೋಯಿತು, ಮಗನ ಹೆಸರು ಹೋಯಿತು, ಕೊನೆಗೆ ಹಸಿವೂ ಮರೆತುಹೋಯಿತು. ಯಾರು ಚಮಚ ತಂದರೂ ಬಾಯಿ ಬಿಗಿ. ಒಂದು ದಿನ ರೋಡಲಿನ್ ತನ್ನ ಶುಂಠಿ ಹಾಕಿದ ಕೋಳಿ ಗಂಜಿಯ ಬಟ್ಟಲು ಹಿಡಿದು ಆ ಕೋಣೆಯಲ್ಲಿ ಕೂತು ತಿನ್ನುತ್ತಿದ್ದಾಗ ಮುದುಕಿ ತಾನಾಗಿ ಬಾಯಿ ತೆರೆಯಿತಂತೆ. ಅವತ್ತಿನಿಂದ ಅದೇ ರೂಢಿ. ತಾನೊಂದು ಚಮಚ, ಅದಕ್ಕೊಂದು ಚಮಚ. ಲುಡಿ ಒಮ್ಮೆ, "ಇದಕ್ಕೆ ನಿನ್ನ ವೀಸಾ ಒಪ್ಪತ್ತೇನೇ?" ಅಂತ ಚುಚ್ಚಿದ್ದಳು. ಹುಡುಗಿ ಮೊದಲೇ ಯೋಚಿಸಿಟ್ಟುಕೊಂಡಿದ್ದಳು. "ನಾನು ತಿನ್ನಿಸ್ತಿಲ್ಲ ಚಿಕ್ಕಮ್ಮ. ನನ್ನ ಊಟ ನಾನು ಮಾಡ್ತಿದೀನಿ. ಅವರು ಪಾಲು ಕೇಳ್ತಿದಾರೆ."

ಈ ವಾದ ನಮ್ಮ ಅಡುಗೆಮನೆಯಲ್ಲಿ ನಡೆಯುತ್ತದೆ. ಸರ್ಕಾರದ ಮುಂದೆ ನಡೆಯುತ್ತದೆಯೇ?

ಮಿಸೆಸ್ ಡ್ರಿಸ್ಕಲ್ ಒಂದೊಂದೇ ಕೋಣೆ ನೋಡುತ್ತ ಹೋಗಿ ಆ ಬಾಗಿಲನ್ನೂ ತೆರೆದರು, ಹಿಂದೆಯೇ ನಾವಿಬ್ಬರು. ಚಮಚ ಸರಿಯಾಗಿ ಲೋಲಾಳ ಬಾಯೊಳಗಿತ್ತು.

"ಏನ್ ಮಾಡ್ತಿದೀರಿ?"

ರೋಡಲಿನ್ ಎದ್ದು ನಿಂತಳು. "ಊಟ ಮಾಡ್ತಿದೀನಿ ಮೇಡಂ."

"ಚಮಚ ಅವರ ಬಾಯಲ್ಲಿದೆಯಲ್ಲ."

"ಹೌದು ಮೇಡಂ."

"ಇವರು ನಿಮ್ಮ ಅಜ್ಜೀನಾ?"

ಹೌದು ಅಂದುಬಿಡೇ, ಅಂತ ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಸುಳ್ಳು ಹೇಳಲು ಬಾರದವರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

"ಅಲ್ಲ ಮೇಡಂ," ಅಂದಳು ರೋಡಲಿನ್. "ಇವರು ನನಗೇನೂ ಆಗಬೇಕಿಲ್ಲ." ಕಣ್ಣು ತುಂಬಿ ಬಂದಿತ್ತು.

ಮಿಸೆಸ್ ಡ್ರಿಸ್ಕಲ್ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. ಆಮೇಲೆ ಏನನ್ನಿಸಿತೋ, ನನ್ನ ಕಡೆ ತಿರುಗಿ, "ಆ ಅಜ್ಜೀನ ಕೇಳಿ, ಈ ಹುಡುಗಿ ಯಾರು ಅಂತ," ಅಂದರು.

ಲುಡಿ ಶಿಲುಬೆಯ ಗುರುತು ಮಾಡಿಕೊಂಡಳು. ಫ್ಲೆಕ್ಸ್ ಬಂದ ದಿನ ಇದೇ ಲೋಲಾಳನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದು ತೋರಿಸಿದ್ದು ಅವಳೇ. ನರ್ಸ್, ನರ್ಸ್ ಅಂತ ಹತ್ತು ಸಲ ಹೇಳಿಸಿದ್ದಳು. ನಾನು ಬಗ್ಗಿ ನಮ್ಮ ಭಾಷೆಯಲ್ಲಿ ಕೇಳಿದೆ, "ಲೋಲಾ, ಇವಳು ಯಾರು?"

ಲೋಲಾ ಪಾಸಿಂಗ್ ನನ್ನನ್ನು ನೋಡಲಿಲ್ಲ, ಇನ್‌ಸ್ಪೆಕ್ಟರನ್ನೂ ನೋಡಲಿಲ್ಲ. ರೋಡಲಿನ್‌ಳ ಕೈ ಹಿಡಿದು ಕೆಳಗೆ ಕೂರಿಸಿದಳು. ಅವಳ ಕೈಯಿಂದ ಚಮಚ ಕಿತ್ತುಕೊಂಡಳು. ಬಟ್ಟಲಿನಿಂದ ಒಂದು ಚಮಚ ಗಂಜಿ ಎತ್ತಿ, ಆರಿ ತಣ್ಣಗಾಗಿದ್ದ ಗಂಜಿಯನ್ನೇ ಬಿಸಿಯೆಂಬಂತೆ ಉಫ್ ಉಫ್ ಎಂದು ಊದಿ, ನಡುಗುವ ಕೈಯಲ್ಲಿ ಅವಳ ಬಾಯಿಗೆ ಹಿಡಿದಳು.

"ತಿನ್ನು," ಅಂದಳು. "ಎಷ್ಟು ಸೊರಗಿಹೋಗಿದೀಯ. ನಿಮ್ಮಮ್ಮ ನೋಡಿದ್ರೆ ನನ್ನ ಬೈತಾಳೆ."

ಆ ಹುಡುಗಿಯ ಅಮ್ಮ ಏಳು ಸಮುದ್ರದಾಚೆ ಇದ್ದಾಳೆ, ನೋಡಿ ವರ್ಷಗಳಾದವು. ರೋಡಲಿನ್ ಬಾಯಿ ತೆರೆದಳು. ಗಂಜಿಯ ಜೊತೆ ಕಣ್ಣೀರೂ ಇಳಿಯಿತು. ಲೋಲಾ ಗದರಿ ಅದನ್ನು ತನ್ನ ಸೆರಗಿನಂಥ ಕೊರಳವಸ್ತ್ರದಿಂದ ಒರೆಸಿ ಮತ್ತೊಂದು ಚಮಚ ಎತ್ತಿದಳು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಲು ಬಾಯಿ ತೆರೆದೆ.

"ಬೇಡ ಬಿಡಿ," ಅಂದರು ಮಿಸೆಸ್ ಡ್ರಿಸ್ಕಲ್. "ಅರ್ಥ ಆಯ್ತು."

ನಿಂತಲ್ಲೇ ಬರೆದರು. ಬರೆದದ್ದನ್ನು ನಮಗೆ ಓದಿ ಹೇಳಿದರು. "ಊಟದ ಹೊತ್ತಿನಲ್ಲಿ ಇಲ್ಲಿನ ನಿವಾಸಿಯೊಬ್ಬರು ಮನೆಗೆ ಬಂದ ಅತಿಥಿಗೆ ಗಂಜಿ ತಿನ್ನಿಸುತ್ತಿದ್ದದ್ದು ಕಂಡುಬಂತು. ಅತಿಥಿ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು ಎಲ್ಲರೂ ಒಕ್ಕೊರಲಿನಿಂದ ದೂರಿದರು." ಪೆನ್ನು ಮುಚ್ಚಿ ಲುಡಿಯ ಕಡೆ ನೋಡಿದರು. "ಆ ಫ್ಲೆಕ್ಸ್ ಮಾತ್ರ ಇವತ್ತೇ ಇಳಿಸಿ." ಆಮೇಲೆ ಕೂತು ಎರಡು ಬಟ್ಟಲು ಗಂಜಿ ಕುಡಿದೇ ಹೋದರು.

ಕಾರ್ಡು ಜುಲೈ ಕೊನೆಯಲ್ಲಿ ಬಂತು. ರೋಡಲಿನ್ ಅದನ್ನು ಹಿಡಿದು ಅಡುಗೆಮನೆಗೆ ಓಡಿ ಬಂದು ಚಿಕ್ಕಮ್ಮನನ್ನು ತಬ್ಬಿಕೊಂಡಳು. ಲುಡಿ ಅತ್ತಳು, ನಕ್ಕಳು, ಅವಳ ತಲೆ ಸವರಿದಳು. ಕಣ್ಣೊರೆಸಿಕೊಂಡ ಮೇಲೆ ರಾಶಿ ಬಿದ್ದ ಪಾತ್ರೆಯ ಕಡೆ ಬೆರಳು ತೋರಿಸಿದಳು.

"ಈಗ ಅನುಮತಿ ಬಂತಲ್ಲ ಮಹಾರಾಣಿ. ನಡಿ."

ರೋಡಲಿನ್ ಪಾತ್ರೆ ನೋಡಿದಳು, ಕಾರ್ಡು ನೋಡಿದಳು. "ಇದು ನರ್ಸಿಂಗ್ ಕೆಲಸಕ್ಕೆ ಮಾತ್ರ ಚಿಕ್ಕಮ್ಮ. ಪಾತ್ರೆ ಇದರಲ್ಲಿ ಬರಲ್ಲ."

ಲುಡಿ ಸೌಟು ಎತ್ತಿಕೊಂಡಳು. ಹುಡುಗಿ ನಗುತ್ತ ತಪ್ಪಿಸಿಕೊಂಡು ಒಂದು ಬಟ್ಟಲು ಗಂಜಿ ಬಡಿಸಿಕೊಂಡಳು, ಒಂದೇ ಚಮಚ ತೆಗೆದುಕೊಂಡಳು. ಇನ್ನೇನು ಲೋಲಾಳ ಕೋಣೆಗೆ ಹೊರಟವಳು ನಿಂತು, ಕಾರ್ಡನ್ನು ನನ್ನ ಕೈಗೆ ಕೊಟ್ಟಳು.

"ಇದನ್ನ ಇಟ್ಕೊಂಡಿರಿ ಚಿಕ್ಕಪ್ಪ," ಅಂದಳು. "ಅಲ್ಲಿಗೆ ಇದು ಬೇಡ."