ಜಾಡಿಸದ ಹುಲ್ಲು

ಕಾರ್ತಿಕ ಮುಗಿಯುತ್ತ ಬಂದಿತ್ತು. ಬಮ್ಮಿಗಟ್ಟಿಯ ಸುತ್ತ ಭತ್ತದ ಕೊಯ್ಲು ಅರ್ಧ ಆಗಿ, ಕೊಯ್ದ ಗದ್ದೆಗಳಲ್ಲಿ ಹೊರೆಗಳು ಬಿದ್ದಿದ್ದವು, ಕೊಯ್ಯದ ಕಡೆ ಹೆಂಗಸರ ಬಗ್ಗಿದ ಬೆನ್ನುಗಳು ಕಾಣುತ್ತಿದ್ದವು. ಡಾಂಬರು ರಸ್ತೆಯ ಅರ್ಧ ಅಗಲಕ್ಕೆ ಗೋವಿನಜೋಳ ಹರವಿದ್ದರು. ಬಸ್ಸು ಉಳಿದರ್ಧದಲ್ಲಿ ಮೈ ಸಣ್ಣ ಮಾಡಿಕೊಂಡು ಹೋಗಬೇಕಿತ್ತು.

ಫಕೀರವ್ವನಿಗೆ ಆ ದಿನಗಳಲ್ಲಿ ಎರಡು ಕೆಲಸ. ಬೆಳಗ್ಗೆ ಆರಕ್ಕೆ ಊರ ಹೊರಗಿನ ಮಾವಿನ ತೋಟದ ಮೌನ ಶಿಬಿರದಲ್ಲಿ ಕಸ, ನೀರು, ಪಾತ್ರೆ. ಹತ್ತಕ್ಕೆ ಅಲ್ಲಿಂದ ಬಿಟ್ಟರೆ ಗದ್ದೆ. ಸಂಜೆ ಮತ್ತೆ ಒಂದು ತಾಸು ಶಿಬಿರ.

ಶಿಬಿರ ವೆಂಕಣ್ಣ ಮಾಸ್ತರರದು. ಧಾರವಾಡದ ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು ತೋಟದಲ್ಲಿ ಹಂಚಿನ ಒಂದು ದೊಡ್ಡ ಸಭಾಗೃಹ, ಹದಿನೆಂಟು ಸಣ್ಣ ಕೋಣೆ ಕಟ್ಟಿಸಿದ್ದರು. ವರ್ಷಕ್ಕೆ ಎರಡು ಸಲ, ಹತ್ತು ಹತ್ತು ದಿನ. ಬರುವವರಲ್ಲಿ ಅರ್ಧ ಮಂದಿ ಹೊರದೇಶದವರು. ಹಂಪಿ, ಗೋಕರ್ಣ ತಿರುಗುತ್ತ ತಿರುಗುತ್ತ ಬಂದು ಇಲ್ಲಿ ಫೋನನ್ನು ಕಪಾಟಿಗೆ ಕೊಟ್ಟು ಬಾಯಿ ಮುಚ್ಚಿ ಕೂರುತ್ತಿದ್ದರು. ಮಾತಿಲ್ಲ, ಸನ್ನೆಯಿಲ್ಲ, ಒಬ್ಬರು ಇನ್ನೊಬ್ಬರ ಕಣ್ಣು ನೋಡುವಂತಿಲ್ಲ. ಬೇಲಿಯ ಒಳಗೆ ಕಾಲಿಟ್ಟ ಮೇಲೆ ಫಕೀರವ್ವನಿಗೂ ಅದೇ ಕಟ್ಟಳೆ. ಮಾತಿಗೆ ಹಿತ್ತಲಿನ ಅಡಿಗೆಮನೆ ಒಂದೇ ಜಾಗ, ಅಡಿಗೆಯ ಸೀತಾಬಾಯಿ ಒಬ್ಬರೇ ಜನ, ಅದೂ ಪಿಸುಮಾತು.

ಥಂಡಿಯ ದಿನಗಳಲ್ಲಿ ಚಾಪೆಯ ಕೆಳಗೆ ಭತ್ತದ ಹುಲ್ಲು ಹಾಸುವುದು ಫಕೀರವ್ವನ ಕೆಲಸ. ಮಲಗುವ ಹುಲ್ಲಿಗೆ ಆ ಊರಲ್ಲಿ ಒಂದು ಪದ್ಧತಿ ಇದೆ. ಬಣವೆಯಿಂದ ಹಿರಿದ ಹುಲ್ಲನ್ನು ಕಲ್ಲಿಗೆ ಬಡಿಯಬೇಕು, ಬಿಡಿಸಿ ಜಾಡಿಸಬೇಕು, ಒಂದು ದಿನ ಬಿಸಿಲಿಗೆ ಹಾಕಬೇಕು, ಆಮೇಲೆ ಮನೆಯೊಳಗೆ. ಶಿಬಿರ ಶುರುವಾಗುವ ಮುಂಚೆ ಅವಳು ಹದಿನೇಳು ಹಾಸಿಗೆಗೂ ಹಾಗೆಯೇ ಮಾಡಿದ್ದಳು. ಹದಿನೆಂಟನೆಯವಳು ಪೋಲೆಂಡ್ ದೇಶದ ಮಾರ್ತಾ. ಕೆಂಪು ಕೂದಲಿನ, ನಲವತ್ತು ದಾಟಿದ ಹೆಂಗಸು. ನನಗೆ ಬರೀ ನೆಲವೇ ಸಾಕು ಎಂದಿದ್ದಳು. ಆರನೆಯ ದಿನ ಥಂಡಿ ತಡೆಯದೆ ಒಂದು ಚೀಟಿ ಬರೆದು ಮಾಸ್ತರರ ಕೈಗಿಟ್ಟಳು. ಫಕೀರವ್ವ ಗದ್ದೆಯಿಂದ ಬರುವಾಗ ಹೊತ್ತು ಮುಳುಗಿತ್ತು. ಬಡಿಯಲು ಪುರುಸೊತ್ತಿಲ್ಲ, ಬಿಸಿಲಂತೂ ಇಲ್ಲ. ಒಂದೇ ಹೊರೆ ಅಲ್ಲವೇ ಎಂದುಕೊಂಡು ಬಣವೆಯಿಂದ ಹಿರಿದು ನೇರ ಕೋಣೆಗೆ ಒಯ್ದು ಹಾಸಿದಳು. ಮೇಲೆ ಚಾಪೆ, ಚಾಪೆಯ ಮೇಲೆ ಜಮಖಾನೆ.

ಮರುದಿನ ಬೆಳಗ್ಗೆ ಆರಕ್ಕೆ ಬಂದಾಗ ಮಾರ್ತಾ ನಲ್ಲಿಯ ಹತ್ತಿರ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಫಕೀರವ್ವನನ್ನು ಕಂಡು ಒಂದು ಕೈ ಎತ್ತಿದಳು, ಏನೋ ಕೇಳುವವಳ ಹಾಗೆ. ಫಕೀರವ್ವ ಕಟ್ಟಳೆಯಂತೆ ಕಣ್ಣು ತಗ್ಗಿಸಿ ಕೊಡ ತುಂಬಿಕೊಂಡು ಹೋದಳು.

ಎಂಟಕ್ಕೆ ಗಂಜಿ ಬಡಿಸಿದಾಗ ಮಾರ್ತಾಳ ತಾಟು ಖಾಲಿ ಉಳಿಯಿತು.

"ಆ ಕೆಂಪಕೂದಲಾಕಿ ಉಣ್ಣಾಕ ಬರಲಿಲ್ಲರಿ," ಎಂದಳು ಫಕೀರವ್ವ.

"ಉಪವಾಸ ಹಿಡದಿರಬೇಕು," ಸೀತಾಬಾಯಿ ಒಲೆಯಿಂದ ತಲೆ ಎತ್ತಲಿಲ್ಲ. "ಹೋದ ಸಲ ಒಬ್ಬಾಂವ ಮೂರು ದಿನ ಬರೇ ನೀರ ಕುಡದ. ನಾಕನೇ ದಿನ ನನ್ನ ಹನ್ನೆರಡು ಚಪಾತಿ ತಿಂದ. ನೀ ಅಂಗಳಾ ಉಡುಗ ಹೋಗವಾ."

ಸಭಾಗೃಹದ ಕಟ್ಟೆ ಗುಡಿಸುತ್ತ ಫಕೀರವ್ವ ಕಿಟಕಿಯ ಹತ್ತಿರ ಬಂದಳು. ಒಳಗೆ ಹದಿನೆಂಟು ಜನ ಕೂತಿದ್ದರು. ಎದುರಿಗೆ ಮಣೆಯ ಮೇಲೆ ಮಾಸ್ತರರು. ಮಾರ್ತಾ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿದ್ದಳು. ಎಲ್ಲರ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು, ಇವಳವು ಹಾಗಿರಲಿಲ್ಲ. ರೆಪ್ಪೆಗಳು ಜೋತುಬಿದ್ದು ಕೆಳಗೆ ಒಂದು ಗೆರೆಯಷ್ಟು ಬಿಳಿ ಕಾಣುತ್ತಿತ್ತು. ತುಟಿಯ ತುದಿಯಿಂದ ಜೊಲ್ಲು ಇಳಿದು ಎದೆಯ ಮೇಲಿನ ಬಟ್ಟೆ ಒದ್ದೆಯಾಗಿತ್ತು.

ಫಕೀರವ್ವನ ಕೈಯ ಕಸಬರಿಗೆ ನಿಂತಿತು. ಆ ರೆಪ್ಪೆಗಳನ್ನು ಅವಳು ಹಿಂದೊಮ್ಮೆ ನೋಡಿದ್ದಳು.

ಒಂಬತ್ತು ವರ್ಷದ ಕೆಳಗೆ ಅವಳ ತಮ್ಮ ಲಕ್ಷ್ಮಣಪ್ಪ ಕಣದಲ್ಲಿ ಹುಲ್ಲಿನ ಮೇಲೆ ಮಲಗಿ ಎದ್ದು ಬಂದವನು ಹೀಗೆಯೇ ಕಣ್ಣು ತೆರೆಯಲಾರದೆ ಕಟ್ಟೆಯ ಮೇಲೆ ಕೂತಿದ್ದ. ಕುಡಿದು ಬಂದಾನ ಎಂದು ಅವ್ವ ಬೈದಳು. ನಿಶೆ ಇಳಿಯಲಿ ಎಂದು ಫಕೀರವ್ವನೇ ತಲೆಗೆ ಮಜ್ಜಿಗೆ ತಟ್ಟಿದಳು. ಅವನು ಏನೋ ಹೇಳಲು ಬಾಯಿ ತೆರೆದ, ಮಾತು ತೊದಲಿತು, ಅದಕ್ಕೂ ಬೈದರು. ಕಟ್ಟುಹಾವು ಕಚ್ಚಿದರೆ ನೋವಿಲ್ಲ, ಬಾವಿಲ್ಲ, ಗಾಯ ಹುಡುಕಿದರೂ ಕಾಣುವುದಿಲ್ಲ ಎಂದು ಅವರಿಗೆ ತಿಳಿದದ್ದು ಮಧ್ಯಾಹ್ನ, ಹೆಣದ ಮುಂದೆ.

ಅವಳು ಹಿತ್ತಲಿಗೆ ಓಡಿದಳು.

"ಬಾಯಾರ, ಆಕಿ ಕಣ್ಣ ಜೋತಬಿದ್ದಾವ್ರಿ. ಜೊಲ್ಲ ಸುರೀತೈತಿ."

"ಧ್ಯಾನ ಆಳಕ್ಕ ಇಳದಾಗ ಹಾಂಗ ಆಗ್ತದಂತ. ಮಾಸ್ತರು ನಿನ್ನೆ ಸಂಜೀಕೇ ಹೇಳ್ಯಾರ, ಏಳನೇ ದಿನ ಮೈಯೊಳಗಿನ ನೋವೆಲ್ಲಾ ಮ್ಯಾಲೆ ಬರ್ತಾವ, ಸುಮ್ಮನ ನೋಡ್ಕೋತ ಕೂಡ್ರಿ ಅಂತ." ಸೀತಾಬಾಯಿ ಅವಳ ಮುಖ ನೋಡಿ ತಡೆದರು. "ಯಾಕ, ಏನಾತು?"

ಹುಲ್ಲಿನ ಮಾತು ಫಕೀರವ್ವನ ಬಾಯಿಗೆ ಬಂದಿತ್ತು, ನುಂಗಿದಳು. ಮೊದಲು ನೋಡಬೇಕು. ಇಲ್ಲದಿದ್ದರೆ ಎಷ್ಟು ಒಳ್ಳೆಯದು. ಇಲ್ಲದಿರಲಿ ದೇವರೇ ಎನ್ನುತ್ತ ಮಾರ್ತಾಳ ಕೋಣೆಗೆ ನಡೆದಳು.

ಬಾಗಿಲು ಬರೀ ಮುಂದೆ ಮಾಡಿತ್ತು. ಜಮಖಾನೆ ಒಂದು ಕಡೆ ಮುದ್ದೆಯಾಗಿ ಬಿದ್ದಿತ್ತು. ಅವಳು ಹೊಸ್ತಿಲ ಹೊರಗೇ ನಿಂತು ಕಸಬರಿಗೆಯ ಉದ್ದ ಹಿಡಿಯಿಂದ ಜಮಖಾನೆ ಎಳೆದಳು. ಏನೂ ಇಲ್ಲ. ಚಾಪೆಯ ತುದಿ ಎತ್ತಿದಳು. ಹುಲ್ಲು, ಹಳದಿ, ಹೊಸದು, ಇನ್ನೂ ಬಣವೆಯ ವಾಸನೆ. ಎದೆ ಸ್ವಲ್ಪ ಹಗುರಾಯಿತು. ಗೋಡೆಯ ಕಡೆಯ ಹುಲ್ಲನ್ನು ಹಿಡಿಯಿಂದ ಸರಿಸಿದಳು.

ಅಲ್ಲಿ ಸುತ್ತಿಕೊಂಡಿತ್ತು. ಬೆರಳಿಗಿಂತ ಸ್ವಲ್ಪ ದಪ್ಪ, ಎಣ್ಣೆ ಸವರಿದ ಕಪ್ಪು, ಮೈತುಂಬ ತೆಳು ಬಿಳಿ ಬಳೆಗಳು. ಬೆಳಕು ಬಿದ್ದದ್ದಕ್ಕೆ ತಲೆಯನ್ನು ಸುರುಳಿಯ ಒಳಗೆ ತೂರಿಸಿತು.

ಫಕೀರವ್ವ ಒಳಗೆ ಕಾಲಿಟ್ಟಳು. ಮೂಲೆಯಲ್ಲಿದ್ದ ಬಿದಿರಿನ ಬುಟ್ಟಿಯನ್ನು ಹಿಡಿಯ ತುದಿಯಿಂದಲೇ ತಂದು ಅದರ ಮೇಲೆ ಕವುಚಿದಳು. ಹೊರಗಿನ ಕಲ್ಲು ತಂದು ಬುಟ್ಟಿಯ ಮೇಲೆ ಇಟ್ಟಳು. ಕಲ್ಲು ಇಡುವಾಗ ಒಳಗೆ ಸರಕ್ಕೆಂದಿತು. ಅವಳು ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಕೂಗಿ ಹೇಳಬಹುದಿತ್ತು. ಆದರೆ ಕೂಗಿದರೆ ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಹುಲ್ಲು ಯಾರು ಹಾಸಿದರು? ಯಾಕೆ ಜಾಡಿಸಲಿಲ್ಲ? ಹೊರದೇಶದ ಹೆಂಗಸು ಸತ್ತರೆ ಪೊಲೀಸರು ಬರುತ್ತಾರೆ. ಮಾಸ್ತರರಿಗೆ ವಕೀಲರಿದ್ದಾರೆ. ತನಗೆ ಯಾರಿದ್ದಾರೆ? ಬುಟ್ಟಿ ಮುಚ್ಚಿದೆ, ಯಾರೂ ಕಂಡಿಲ್ಲ. ಹುಲ್ಲು ಸುಟ್ಟು, ಗದ್ದೆಗೆ ಹೋಗಿಬಿಟ್ಟರೆ?

ಇದನ್ನೆಲ್ಲ ಯೋಚಿಸಿದ್ದು ಎಷ್ಟು ಹೊತ್ತು ಎಂದು ಆಮೇಲೆ ಅವಳು ಬಹಳ ಸಲ ಲೆಕ್ಕ ಹಾಕಿದಳು. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಆಗಿರಬೇಕು. ಆ ಹೊತ್ತನ್ನು ಅವಳು ತನಗೆ ಯಾವತ್ತೂ ಮಾಫ್ ಮಾಡಲಿಲ್ಲ.

ಧ್ಯಾನ ನಡೆದಾಗ ಅವಳು ಸಭಾಗೃಹದ ಒಳಗೆ ಕಾಲಿಟ್ಟವಳಲ್ಲ. ಈಗ ನೇರ ಕೊನೆಯ ಸಾಲಿಗೆ ಹೋಗಿ ಮಾರ್ತಾಳ ಭುಜ ಹಿಡಿದಳು. ಮೈ ತಣ್ಣಗಿತ್ತು. ತಲೆ ಒಂದು ಕಡೆ ವಾಲಿತು. ರೆಪ್ಪೆಯ ಕೆಳಗಿನ ಬಿಳಿಗೆರೆಯಲ್ಲಿ ಕಣ್ಣಿನ ಗುಡ್ಡೆ ಅವಳ ಕಡೆ ಹೊರಳಿತು. ಎಚ್ಚರವಿತ್ತು. ಎಲ್ಲ ಕೇಳುತ್ತಿತ್ತು. ಗಂಟಲಿನಿಂದ ಗೊರ ಗೊರ ಅಂದಿತೇ ಹೊರತು ಮಾತು ಹೊರಡಲಿಲ್ಲ. ತೊಡೆಯ ಮೇಲಿದ್ದ ಬೆರಳುಗಳು ತೆವಳಿಕೊಂಡು ಬಂದು ಫಕೀರವ್ವನ ಸೀರೆಯ ಅಂಚು ಹಿಡಿದವು.

ಮಾಸ್ತರರು ಕಣ್ಣು ತೆರೆದು, ಹೊರಗೆ ಹೋಗು ಎಂದು ಕೈ ಮಾಡಿದರು.

"ಸರ, ಈಕಿ ಧ್ಯಾನಕ್ಕ ಕುಂತಿಲ್ಲರಿ. ಸಾಯಾಕತ್ತಾಳ."

ಆರು ದಿನ ಗಟ್ಟಿ ಮಾತು ಕೇಳದ ಸಭಾಗೃಹದಲ್ಲಿ ಆ ದನಿ ಹಂಚಿಗೆ ಬಡಿಯಿತು. ಕಣ್ಣು ಮುಚ್ಚಿದ್ದವರು ಬೆಚ್ಚಿಬಿದ್ದರು. ಒಬ್ಬ ಹುಡುಗಿ ಏನೂ ತಿಳಿಯದೆ ಅಳತೊಡಗಿದಳು.

"ಫಕೀರವ್ವಾ, ಹೊರಗ ನಡಿ. ಆಮ್ಯಾಲ ಮಾತಾಡೂಣು," ಮಾಸ್ತರರು ಮೆಲ್ಲಗೆ ಅಂದರು. "ಆಕಿ ಭಾಳ ಆಳಕ್ಕ ಹೋಗ್ಯಾಳ. ಮುಟ್ಟಬಾರದು ಅಂಥವ್ರನ್ನ."

"ಆಕಿ ಕ್ವಾಣ್ಯಾಗ ಕಟ್ಟುಹಾವ ಐತ್ರಿ! ಬುಟ್ಟಿ ಮುಚ್ಚಿ ಬಂದೇನಿ. ಹುಲ್ಲಿನಾಗಿತ್ತು. ಹುಲ್ಲು ಹಾಸಿದಾಕಿ ನಾನ, ಜಾಡಿಸಿರಲಿಲ್ಲ. ಬೇಕಾದ್ದ ಮಾಡ್ರಿ ನನಗ, ಮೊದಲ ಗಾಡಿ ತರಸ್ರಿ!"

ಮಾಸ್ತರರ ಮುಖದ ಬಣ್ಣ ಇಳಿಯಿತು. ಅಂಬುಲೆನ್ಸಿಗೆ ಫೋನು ಹಚ್ಚಿದರೆ ಅದು ಬೇರೊಂದು ಊರಿನಲ್ಲಿತ್ತು, ಮುಕ್ಕಾಲು ತಾಸು ಎಂದರು. ಅವರ ಕಾರು ಧಾರವಾಡದಲ್ಲಿ ರಿಪೇರಿಗೆ ನಿಂತಿತ್ತು. ಫಕೀರವ್ವ ರಸ್ತೆಗೆ ಓಡಿದಳು. ಬೇಲಿಯ ಆಚೆ ಇಸ್ಮಾಯಿಲಸಾಬ ತನ್ನ ಟೆಂಪೋಕ್ಕೆ ಗೋವಿನಜೋಳದ ಚೀಲ ಏರಿಸುತ್ತಿದ್ದ.

"ಇಸ್ಮಾಯಿಲಣ್ಣಾ, ಚೀಲ ಕೆಡವೋ! ಹಾವ ಕಚ್ಚೇತಿ!"

"ಯಾರಿಗಬೇ, ಆ ಮಾತಾಡದವ್ರಿಗೇನ?" ಎನ್ನುತ್ತಲೇ ಅವನು ಹಿಂದಿನ ಹಲಗೆ ಬಿಚ್ಚಿದ. ಆರು ಚೀಲ ದಡದಡ ರಸ್ತೆಗೆ ಉರುಳಿದವು.

ಮಾರ್ತಾಳನ್ನು ಸಭಾಗೃಹದ ಜಮಖಾನೆಯಲ್ಲಿ ಎತ್ತಿ ತಂದು ಟೆಂಪೋದಲ್ಲಿ ಮಲಗಿಸಿದರು. ಫಕೀರವ್ವ ತಲೆಯನ್ನು ತೊಡೆಯ ಮೇಲೆ ಒಂದು ಮಗ್ಗಲಾಗಿ ಹಿಡಿದು, ಸೆರಗಿನಿಂದ ಜೊಲ್ಲು ಒರೆಸುತ್ತ ಕೂತಳು. ಮಾಸ್ತರರು ಎದುರಿಗೆ ಕೂತು ಮಾರ್ತಾಳ ಕಾಲು ಹಿಡಿದಿದ್ದರು. ಟೆಂಪೋ ಕಲಘಟಗಿಯ ದಾರಿ ಹಿಡಿಯಿತು.

"ಸಾವಕಾಶೋ ಇಸ್ಮಾಯಿಲಣ್ಣಾ, ಗಾಡಿ ಕುಣೀತೈತಿ!"

"ಸಾವಕಾಶ ಹೋದ್ರ ಆಕಿ ಉಳೀತಾಳೇನ? ಗಟ್ಟಿ ಹಿಡಿ. ಬ್ರೇಕಿನ ಮಾತ ಮಾತ್ರ ಕೇಳಬ್ಯಾಡ."

ಫಕೀರವ್ವ ಅವಳ ಎದೆಯನ್ನೇ ನೋಡುತ್ತಿದ್ದಳು. ಏರುತ್ತಿತ್ತು, ನಿಲ್ಲುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಸಲ ನಿಂತಾಗ ಫಕೀರವ್ವನ ಉಸಿರೂ ನಿಲ್ಲುತ್ತಿತ್ತು. ಊರು ದಾಟುವಾಗ ಏರುವುದು ಕಾಣುತ್ತಿತ್ತು, ಕೆರೆಯ ಏರಿ ಹತ್ತುವಾಗ ಕೈಯಿಟ್ಟರೆ ಮಾತ್ರ ತಿಳಿಯುತ್ತಿತ್ತು. ಸೀರೆಯ ಅಂಚು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲಾದವು. ಅವಳು ಆ ಬೆರಳುಗಳನ್ನು ಮತ್ತೆ ಮಡಚಿ, ಮೇಲೆ ತನ್ನ ಕೈ ಮುಚ್ಚಿ ಒತ್ತಿ ಹಿಡಿದಳು.

"ಬೆಳಿಗ್ಗೆ ಕೈ ಎತ್ತಿದ್ದಿ ಅಲ್ಲ ನನ್ನವ್ವಾ. ನಾ ನೋಡಲಿಲ್ಲ. ಈಗ ನೋಡಾಕತ್ತೇನಿ, ಉಸರ ತಗೋ," ಎಂದು ಕನ್ನಡದಲ್ಲೇ ಅನ್ನುತ್ತಿದ್ದಳು. ಮಾಸ್ತರರು ಬೇರೆ ಕಡೆ ಮುಖ ಮಾಡಿದ್ದರು.

ಕಲಘಟಗಿ ದವಾಖಾನೆಯ ಮೆಟ್ಟಿಲ ಹತ್ತಿರ ಎದೆ ಏರುವುದು ನಿಂತಿತು. ಒಳಗಿನಿಂದ ಎಳೆವಯಸ್ಸಿನ ಡಾಕ್ಟರಬಾಯಿ ಓಡಿ ಬಂದು, ಮೂಗುಬಾಯಿಗೆ ಉಸಿರು ತುಂಬುವ ರಬ್ಬರಿನ ಚೀಲ ಹಿಡಿದು ಒತ್ತತೊಡಗಿದರು. ಒತ್ತುತ್ತಲೇ ಕೇಳಿದರು: ಯಾವ ಹಾವು, ಎಷ್ಟು ಹೊತ್ತಿಗೆ, ಎಲ್ಲಿ ಮಲಗಿದ್ದಳು? ಫಕೀರವ್ವ ಎಲ್ಲ ಹೇಳಿದಳು. ಬಿಳಿ ಬಳೆ, ನಲ್ಲಿಯ ಹತ್ತಿರ ಹೊಟ್ಟೆನೋವು, ಹುಲ್ಲು. ಡಾಕ್ಟರಬಾಯಿ ಹಾವಿನ ಹೆಸರು, ಹೊತ್ತು ಅಷ್ಟೇ ಬರೆಸಿ, ಸೂಜಿಮದ್ದು ಶುರುಮಾಡಿ, ತಾವೇ ಚೀಲ ಒತ್ತುತ್ತ, ಅಷ್ಟರಲ್ಲಿ ತಿರುಗಿ ಬಂದ ಅಂಬುಲೆನ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದೊಯ್ದರು.

ನಾಲ್ಕು ದಿನ ಮಾರ್ತಾ ಮಷೀನಿನ ಉಸಿರಿನ ಮೇಲೆ ಇದ್ದಳು. ಆ ನಾಲ್ಕು ದಿನ ರಸ್ತೆಯಲ್ಲಿ ಜೀಪಿನ ಸದ್ದಾದರೆ ಫಕೀರವ್ವನ ಕುಡಗೋಲು ನಿಲ್ಲುತ್ತಿತ್ತು. ಗದ್ದೆಯ ಹೊರೆ ಎತ್ತುವ ಮೊದಲು ಕೋಲಿನಿಂದ ಮೂರು ಮೂರು ಸಲ ಬಡಿಯುತ್ತಿದ್ದಳು. ಜೊತೆಯವರು ನಕ್ಕರೆ ನಗಲಿ ಎಂದು ಬಿಡುತ್ತಿದ್ದಳು. ಪೊಲೀಸರು ಒಮ್ಮೆ ಶಿಬಿರಕ್ಕೆ ಬಂದು ಚಹಾ ಕುಡಿದು ಹೋದರು. ಅವಳನ್ನು ಯಾರೂ ಏನೂ ಕೇಳಲಿಲ್ಲ.

"ಹುಲ್ಲಿನ ಮಾತು ಇನ್ನ ಯಾರ ಮುಂದೂ ಬ್ಯಾಡ," ಎಂದರು ಮಾಸ್ತರರು ಅಡಿಗೆಮನೆಯ ಬಾಗಿಲಲ್ಲಿ ನಿಂತು. "ನಿನಗೂ ಛಲೋ ಅಲ್ಲ, ನಮಗೂ ಅಲ್ಲ. ಅಡವಿಯಿಂದ ಹಾವು ಬಂತು, ಅಷ್ಟ."

ಐದನೆಯ ದಿನ ಮಾರ್ತಾ ತಾನೇ ಉಸಿರೆಳೆದಳು ಎಂದು ಸುದ್ದಿ ಬಂತು. ಎರಡು ವಾರದ ಮೇಲೆ ತನ್ನ ಚೀಲ ಒಯ್ಯಲು ಬಾಡಿಗೆ ಕಾರಿನಲ್ಲಿ ಬಂದಳು. ಇಳಿದವಳು ಕಾರಿನ ಬಾಗಿಲು ಹಿಡಿದೇ ನಿಂತಳು, ಅಷ್ಟು ಸೊರಗಿದ್ದಳು. ಗಂಟಲಿಗೆ ಉಸಿರಿನ ನಳಿಗೆ ಹಾಕಿದ್ದರಿಂದ ದನಿ ಒಡೆದಿತ್ತು. ಫಕೀರವ್ವನ ಎರಡೂ ಕೈ ಹಿಡಿದು ಬಹಳ ಹೊತ್ತು ಏನೋ ಹೇಳಿದಳು.

"ತನ್ನ ಜೀವ ನಿನ್ನ ಕಡೆ ಸಾಲ ಅದ ಅಂತಾಳ," ಎಂದರು ಮಾಸ್ತರರು. "ನೀ ಬಾಯಿ ತೆರೀದಿದ್ರ ತಾನು ಅಲ್ಲೇ ಕೂತಲ್ಲೇ ಹೋಗ್ತಿದ್ದೆ ಅಂತ. ಬೆಳಿಗ್ಗೆ ಹೇಳಬೇಕಾಗಿತ್ತು, ನೋವು ಸಾಧನೆಯೊಳಗಿಂದೇ ಅಂತ ತಿಳಕೊಂಡೆ ಅಂತ."

"ಉಲ್ಟಾ ಐತಿ ಅಂತ ಹೇಳ್ರಿ. ಸಾಲ ನಂದೈತಿ. ಆ ಹುಲ್ಲು ಬಡೀಲಾರದ, ಜಾಡಿಸಲಾರದ ಹಾಸಿದಾಕಿ ನಾನ. ಗೊತ್ತಿದ್ದೂ ಹಾಸೀನಿ. ಅದನ್ನ ಹೇಳ್ರಿ ಆಕಿಗೆ."

ಮಾಸ್ತರರು ಮಾವಿನ ಗಿಡಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿದರು. ಮಾರ್ತಾ ಕಣ್ಣು ತುಂಬಿಕೊಂಡು ನಕ್ಕಳು, ಫಕೀರವ್ವನನ್ನು ಎದೆಗೆ ಅಪ್ಪಿಕೊಂಡಳು.

ಅಂಥ ಮಾತು ಕೇಳಿ ಯಾರೂ ಹಾಗೆ ನಗುವುದಿಲ್ಲ.

"ನೀವು ಹೇಳಲಿಲ್ಲರಿ, ಸರ."

"ಹೇಳಿದೆನಲ್ಲವಾ."

ಫಕೀರವ್ವ ತಾನೇ ತೋರಿಸಲು ನೋಡಿದಳು. ತನ್ನ ಎದೆ ಮುಟ್ಟಿಕೊಂಡಳು, ಹುಲ್ಲು ಹರವುವ ಹಾಗೆ ಕೈ ಮಾಡಿದಳು, ಬೇಡ ಬೇಡವೆಂದು ತಲೆ ಅಲ್ಲಾಡಿಸಿದಳು. ಮಾರ್ತಾ ಅದಕ್ಕೂ ಕೈ ಮುಗಿದಳು. ಡ್ರೈವರು ಹಾರ್ನ್ ಒತ್ತಿದ, ವಿಮಾನದ ಹೊತ್ತು. ಕಾರು ಮಣ್ಣಿನ ದಾರಿಯಲ್ಲಿ ತೂಗಾಡುತ್ತ ಹೋಗಿ ಡಾಂಬರು ಹತ್ತಿತು.

ಸೀತಾಬಾಯಿ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು.

"ಬಿಡವಾ, ಇನ್ನೇನು. ಆಕಿ ಬದಕ್ಯಾಳಲ್ಲ."

"ಬದಕ್ಯಾಳಂತನ ಹೇಳಬೇಕಾಗಿತ್ತರಿ," ಎಂದಳು ಫಕೀರವ್ವ. "ಸತ್ತಿದ್ರ ಯಾರಿಗೆ ಹೇಳ್ತಿದ್ದೆ?"