ಸುಮ್ಮನಿರುವ ಕಾಲು

ಜೂನ್ ಒಂಬತ್ತನೆಯ ತಾರೀಖಿನವರೆಗೆ ದುಡುಕಿಯು ಚೆನ್ನಾಗಿ ಓಡುತ್ತಿದ್ದ ಎಂಜಿನ್ನನ್ನು ಏಳು ಬಾರಿ ನಿಲ್ಲಿಸಹೊರಟಿದ್ದಳು. ಮನೆಯವರು ಅವಳಿಗೆ ಆ ಅಡ್ಡಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ.

ಒಂದೇ ಎಂಜಿನ್ನಿನ ವಿಮಾನದಲ್ಲಿ ಅವಳು ವರ್ಷಗಟ್ಟಲೆ ಅಂಚೆಯ ಮೂಟೆ ಹೊತ್ತು ಹಾರಿದವಳು. ಅಲ್ಲಿ ಯಾವ ಎಂಜಿನ್ ಕೆಟ್ಟಿತೆಂಬ ಪ್ರಶ್ನೆಯೇ ಏಳುವುದಿಲ್ಲ. ಈಗ ಆಸ್ಪತ್ರೆಯವರು ರೋಗಿಗಳನ್ನು ಸಾಗಿಸುವ ಎರಡು ಎಂಜಿನ್ನಿನ ವಿಮಾನಕ್ಕೆ ಅವಳನ್ನು ಕರೆದಿದ್ದರು. ಹತ್ತರಂದು ನಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಆ ಕೆಲಸ ಬೇರೆಯವರ ಪಾಲು.

ಕಲಿಸುತ್ತಿದ್ದವರು ಅವಳ ಸೋದರಮಾವ. ಆಕಾಶದಲ್ಲಿ ಅವರು ಮಡಿಸಿದ ನಕ್ಷೆಯನ್ನು, ಎಂಜಿನ್ನುಗಳ ಶಕ್ತಿ ಏರಿಳಿಸುವ ಹಿಡಿಕೆಗಳಿಗೆ ಅಡ್ಡ ಹಿಡಿದು, ಅದರ ಮರೆಯಲ್ಲಿ ಯಾವುದೋ ಒಂದು ಎಂಜಿನ್ನಿನ ಶಕ್ತಿಯನ್ನು ಇಳಿಸಿಬಿಡುವರು. ವಿಮಾನದ ಮೂತಿ ಸತ್ತ ಎಂಜಿನ್ನಿನ ಕಡೆಗೆ ತಿರುಗುತ್ತದೆ. ನೇರ ಮಾಡಲು ಎದುರು ಬದಿಯ ಕಾಲಿನಿಂದ ಪೆಡಲ್ ಒತ್ತಬೇಕು. ಆಗ ಯಾವ ಕಾಲು ಸುಮ್ಮನಿದೆಯೋ ಆ ಬದಿಯ ಎಂಜಿನ್ನೇ ಸತ್ತದ್ದು. ಖಚಿತಪಡಿಸಿಕೊಳ್ಳಲು ಅದರ ಹಿಡಿಕೆಯನ್ನು ಮೆಲ್ಲಗೆ ಹಿಂದೆಳೆಯಬೇಕು. ವಿಮಾನಕ್ಕೆ ಏನೂ ಅನ್ನಿಸದಿದ್ದರೆ ಊಹೆ ಸರಿ. ಲೆಕ್ಕ ಇಷ್ಟೇ. ಆದರೆ ದುಡುಕಿಯ ಗಮನವೆಲ್ಲ ಒತ್ತಿ ಒತ್ತಿ ನಡುಗುವ ಕಾಲಿನ ಮೇಲೆ. ಕಷ್ಟ ಎಲ್ಲಿದೆಯೋ ತಪ್ಪೂ ಅಲ್ಲೇ ಎಂದು ಆ ಬದಿಯ ಎಂಜಿನ್ನಿನ ಕತ್ತು ಹಿಸುಕಲು ಹೋಗುವಳು. ಮಾವ ಕೈ ಹಿಡಿದು ತಡೆಯುವರು.

ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಮೆಕ್ಯಾನಿಕ್‌ನದೊಂದು ಕಟ್ಟಳೆಯಿತ್ತು: ಒಳ್ಳೆಯ ಎಂಜಿನ್ನನ್ನು ಅನುಮಾನಿಸಿದವರು ನೆಲಕ್ಕಿಳಿದ ಮೇಲೆ ಅದರ ಹೊಟ್ಟೆಗೆ ಹತ್ತಿದ ಎಣ್ಣೆಯನ್ನು ಒರೆಸಬೇಕು. ದುಡುಕಿಯ ದೆಸೆಯಿಂದ ಎರಡೂ ಎಂಜಿನ್ನುಗಳು ಮದುಮಕ್ಕಳಂತೆ ಹೊಳೆಯುತ್ತಿದ್ದವು. ಇವಳು ಪಾಸಾಗಿಬಿಟ್ಟರೆ ಮುಂದೇನು ಗತಿಯೆಂದು ಮೆಕ್ಯಾನಿಕ್ ಪೇಚಾಡಿಕೊಂಡಿದ್ದ.

ಒಂಬತ್ತರ ಸಂಜೆಯೂ ಅವಳು ಒರೆಸುತ್ತಿದ್ದಳು. ಮಾವ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು, ಎಲ್ಲೆಲ್ಲಿ ಕೊಳೆ ಉಳಿದಿದೆಯೆಂದು ಬೆರಳು ತೋರಿಸುತ್ತಿದ್ದರು.

“ಒಂದು ಕೈ ಹಾಕಬಾರದಾ, ಮಾವ?”

“ನಾನ್ಯಾಕೆ? ದುಡಿಯೋನ್ನೇ ಬೈತೀಯ, ಸುಮ್ನೆ ಕೂತೋನ್ನ ಬಿಟ್ಬಿಡ್ತೀಯ. ಥೇಟ್ ನಿಮ್ಮಮ್ಮ.”

“ಮನೇಲಿ ಸುಮ್ನೆ ಕೂರೋರು ಯಾರು ಅಂತ ಅಮ್ಮಂಗೆ ಚೆನ್ನಾಗೇ ಗೊತ್ತು.”

ಮೆಕ್ಯಾನಿಕ್ ಕೆಮ್ಮಿದ. ಮಾವ ಅವನನ್ನೇ ಸಾಕ್ಷಿಯಾಗಿಟ್ಟುಕೊಂಡು, ನಾಳೆ ಪಾಸಾಗಿ ಬಂದರೆ ಎರಡೂ ಎಂಜಿನ್ನುಗಳನ್ನು ತಾವೇ ಒರೆಸುವುದಾಗಿ ಮಾತು ಕೊಟ್ಟರು. ಕಾಲನ್ನು ಮಾತ್ರ ಮಡಿಸಲಿಲ್ಲ.

ಮರುದಿನದ ಪರೀಕ್ಷಕರು ಅಳೆದು ತೂಗಿ ಮಾತಾಡುವವರು. ವಿಮಾನ ಸಾಕಷ್ಟು ಎತ್ತರಕ್ಕೇರಿದ ಮೇಲೆ, ಹೇಳದೆ ಕೇಳದೆ ಅವರ ನಕ್ಷೆ ಹಿಡಿಕೆಗಳಿಗೆ ಅಡ್ಡ ಬಂತು. ಮೂತಿ ಬಲಕ್ಕೆ ತಿರುಗಿತು. ದುಡುಕಿ ಎಡಗಾಲಿನಿಂದ ಒತ್ತಿದಳು. ತೊಡೆ ನಡುಗಿತು. ಎಂದಿನಂತೆ ಕೈ ಎಡದ ಹಿಡಿಕೆಯತ್ತ ಹೊರಟಿತು.

ಅಷ್ಟರಲ್ಲಿ ಅವಳ ಕಣ್ಣು ಬಲಗಾಲಿನ ಮೇಲೆ ಬಿತ್ತು. ಲೋಕದ ಚಿಂತೆಯೊಂದೂ ಇಲ್ಲದೆ ಅದು ಚಾಚಿಕೊಂಡು ಬಿದ್ದಿತ್ತು. ಬೆತ್ತದ ಕುರ್ಚಿಯೊಂದು ಕಡಿಮೆ. ಉಳಿದಂತೆ ಸಾಕ್ಷಾತ್ ಮಾವ.

ಕೈ ನಿಂತಿತು. ಅವಳು ಬಲದ ಹಿಡಿಕೆಯನ್ನು ಮೆಲ್ಲಗೆ ಹಿಂದೆಳೆದಳು. ವಿಮಾನ ಜಪ್ಪಯ್ಯ ಎನ್ನಲಿಲ್ಲ.

“ಬಲದ್ದು, ಸರ್,” ಎಂದಳು. ನಗು ತಡೆಯಲಾಗಲಿಲ್ಲ.

“ನಗೋವಂಥದ್ದೇನಾಯ್ತು?”

“ನಮ್ಮ ಮಾವ ನೆನಪಾದ್ರು, ಸರ್.”

ಎಡದ ಎಂಜಿನ್ನೊಂದರಿಂದಲೇ ಅವಳು ವಿಮಾನವನ್ನು ನೆಲಕ್ಕಿಳಿಸಿದ ಮೇಲೆ ಪರೀಕ್ಷಕರು ಅವಳು ಪಾಸಾದಳೆಂದು ಹೇಳಿ, ಸಹಿ ಹಾಕಿಕೊಟ್ಟರು. ಹೊರಡುವಾಗ ಹ್ಯಾಂಗರಿನ ಬಾಗಿಲಲ್ಲಿ ಕುಳಿತಿದ್ದ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚಾಚಿದ ಕಾಲುಗಳನ್ನು ತುಸು ಹೆಚ್ಚೇ ನೋಡಿದರು.

ಮೆಕ್ಯಾನಿಕ್ ಒಗೆದ ಬಟ್ಟೆಗಳೆರಡನ್ನು ಮಡಿಸಿ ತಂದು ಮಾವನ ಮುಂದೆ ಹಿಡಿದ. ಎಂಜಿನ್ ಇನ್ನೂ ಬಿಸಿ, ಆರಲಿ ಎಂದರು ಮಾವ. ಎಂಜಿನ್ನುಗಳು ಆರಿದವು. ಆಮೇಲೆ ಸೊಂಟ ಹಿಡಿದುಕೊಂಡಿದೆ ಎಂದರು. ದುಡುಕಿ ಈ ಸಲ ಸ್ವಲ್ಪವೂ ದುಡುಕದೆ, ಒಂದು ಸ್ಟೂಲ್ ಎಳೆದುಕೊಂಡು ಅವರ ಪಕ್ಕದಲ್ಲೇ ಕಾಲು ಚಾಚಿ ಕುಳಿತಳು.

ಸಂಜೆ ಹ್ಯಾಂಗರಿನ ಬಾಗಿಲು ಎಳೆಯುವ ಹೊತ್ತಿಗೂ ಬಟ್ಟೆಗಳೆರಡೂ ಮಾವನ ಮಡಿಲಲ್ಲಿ ಮಡಿಕೆ ಮುರಿಯದೆ ಇದ್ದವು. ಎರಡು ಎಂಜಿನ್ನುಗಳ ಬಾಕಿ ಹಾಗೆಯೇ ಉಳಿಯಿತು.